ಹಳೆಯ ಚಿತ್ರಕ್ಕೆ ಹೊಸ ಹೊಳಪು ಬಂದುದು ಹೇಗೆ?

ಪ್ರತಿಯು ಮೂಲಕ್ಕಿಂತ ಒಂದು ಕೈ ಕಡಮೆಯೆಂಬುದು ಲೋಕಾನುಭವ. ಓಲೆಗರಿಯ ಗ್ರಂಥವನ್ನು ನೋಡಿ ಬರೆದುಕೊಂಡವನ ಕೈತಪ್ಪುಗಳು ಮುಂದಿನವನ ಪ್ರತಿಯಲ್ಲಿಯೂ ಉಳಿಯುವುವು. ಅವುಗಳ ಜೊತೆಗೆ ಅವನ ತಪ್ಪುಗಳೂ ಸೇರುವುವು. ಹೀಗಿರುವಲ್ಲಿ, 1966ರಲ್ಲಿ ಮೊದಲು ಪ್ರಸಾರವಾದ ಟೆಲಿವಿಷನ್ ಕಥಾಮಾಲೆಯೊಂದನ್ನು ಇಂದು ಮನೆಯಲ್ಲಿ ಡಿಸ್ಕಿನಿಂದ ನೋಡಿದರೆ, ಅದು ಮೊದಲ ದಿನದ ಪ್ರೇಕ್ಷಕರಿಗೆ ಕಂಡುದಕ್ಕಿಂತ ಎಷ್ಟೋ ನಿಚ್ಚಳವಾಗಿ ಕಾಣುವುದೆಂದರೆ ಯಾರಿಗಾದರೂ ಆಶ್ಚರ್ಯವಾಗದಿರದು. ವಯಸ್ಸಾದಂತೆ ಚಿತ್ರವು ತಾನಾಗಿಯೇ ತಿಳಿಯಾಗುವುದುಂಟೆ? ಇದರ ಗುಟ್ಟೇನೆಂಬುದನ್ನು ಇಲ್ಲಿ ವಿಚಾರಿಸೋಣ.

ನಾವು ಹೇಳುತ್ತಿರುವುದು ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ವಿಜ್ಞಾನಕಥೆಗಳ ಮಾಲೆಯ ವಿಷಯ. ಜೀನ್ ರಾಡನ್‌ಬೆರಿ ಎಂಬವರು ಇದರ ಕಲ್ಪಕರು. ‘ಎಂಟರ್‌ಪ್ರೈಸ್’ ಎಂಬ ನೌಕೆಯು ನಕ್ಷತ್ರದಿಂದ ನಕ್ಷತ್ರಕ್ಕೆ ಸಂಚರಿಸುತ್ತ ಹೊಸ ಲೋಕಗಳನ್ನು ಅರಸುವುದೇ ಇದರ ವಸ್ತು. 1966ನೆಯ ಸೆಪ್ಟೆಂಬರ್ 8ರಂದು ಅಮೆರಿಕದಲ್ಲಿ ಮೊದಲ ಕಂತು ಪ್ರಸಾರವಾಯಿತು; 1969ರಲ್ಲಿ ಮಾಲೆಯು ಮುಗಿಯುವ ಹೊತ್ತಿಗೆ 79 ಕಂತುಗಳಾಗಿದ್ದುವು. 1980ರ ದಶಕದಲ್ಲಿ ನಮ್ಮ ದೂರದರ್ಶನವೂ ಇದನ್ನು ತೋರಿಸಿತು.

ಈ ಮಾಲೆಯು ನಮ್ಮ ದೇಶಕ್ಕೆ ಬರುವ ಮುನ್ನವೇ ಕಲಬುರಗಿ ಸೀಮೆಗೆ ಟೆಲಿವಿಷನ್ ಬಂದಿದ್ದಿತು. ಅದು ಬಂದ ಬಗೆಯೂ ಒಂದು ವಿಜ್ಞಾನಕಥೆಯಂತೆಯೇ ಇದೆ. 1975ನೆಯ ಆಗಸ್ಟ್ 1ರಿಂದ 1976ನೆಯ ಜುಲೈ 31ರವರೆಗೆ ‘ಸೈಟ್’ ಎಂಬ ಹೆಸರಿನ ಉಪಗ್ರಹ ಟೆಲಿವಿಷನ್ ಪ್ರಯೋಗವು ನಡೆಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಟೆಲಿವಿಷನ್ ಪೆಟ್ಟಿಗೆಗಳನ್ನು ಇರಿಸಲಾಯಿತು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದುವು ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಕೋಳಿಗೂಡಿಗೆ ಬಳಸುವಂಥ ತಂತಿಯ ಬಲೆಯಿಂದ ಮಾಡಿದ, ಸುಮಾರು ಮೂರು ಮೀಟರ್ ಅಗಲದ ಬೋಗುಣಿಗಳು ಆಕಾಶದಿಂದ ಕನ್ನಡ ಕಾರ್ಯಕ್ರಮಗಳನ್ನು ಹಿಡಿದವು. ಇಂಥ ಉಪಗ್ರಹಗಳ ಕಲ್ಪನೆಯನ್ನು 1945ರಲ್ಲಿಯೇ ಲೇಖನವೊಂದರಲ್ಲಿ ವಿವರಿಸಿದ್ದವರು ಆರ್ಥರ್ ಸಿ. ಕ್ಲಾರ್ಕ್, ಮುಂದೆ ಅವರು ವಿಜ್ಞಾನಕಥೆಗಳಿಂದ ಜಗತ್ಪ್ರಸಿದ್ಧರಾದರು. 1975ರಲ್ಲಿ ನಮ್ಮ ಇಂಜಿನಿಯರರು ಕೊಲಂಬೊದ ಅವರ ಮನೆಗೇ ಹೋಗಿ ಈ ಪ್ರಸಾರವನ್ನು ಹಿಡಿಯುವ ಸಲಕರಣೆಯನ್ನು ಕೂಡಿಸಿ ಬಂದರು. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರಕೇಂದ್ರವೂ ಆರಂಭವಾಯಿತು. ಬೆಂಗಳೂರಿಗೆ ಆ ಭಾಗ್ಯವು ದೊರೆತುದು 1981ರಲ್ಲಿ.

ಆ ಪ್ರಯೋಗದ ಉಪಗ್ರಹವು ಭೂಮಧ್ಯರೇಖೆಯ ಮೇಲೆ 35 ಡಿಗ್ರಿ ಪೂರ್ವ ರೇಖಾಂಶದಲ್ಲಿ ನೆಲೆಸಿದ್ದಿತು. ಆಳಂದ ತಾಲ್ಲೂಕಿನ ನರೋಣಾದಲ್ಲಿ ನಿಂತು ಲೆಕ್ಕಹಾಕಿದರೆ, ಅದು ಪಶ್ಚಿಮಕ್ಕೆ ತುಸು ದಕ್ಷಿಣವಾಗಿ, ದಿಗಂತದಿಂದ ಸುಮಾರು 38 ಡಿಗ್ರಿ ಮೇಲೆ ಇದ್ದಂತಾಗುವುದು. ಅಲ್ಲಿಗಿದ್ದ ದೂರ ಸುಮಾರು 38,000 ಕಿಲೋಮೀಟರ್. ರೇಡಿಯೊ ಅಲೆಯು ಬೆಳಕಿನ ವೇಗದಲ್ಲಿ ಬಂದರೂ ಇಷ್ಟು ದೂರಕ್ಕೆ ಸೆಕೆಂಡಿನ ಎಂಟನೆಯ ಒಂದು ಪಾಲು ಹಿಡಿಯುವುದು. ಸ್ಟಾರ್ ಟ್ರೆಕ್ಕಿನ ನಾಯಕನಾದರೋ ನಕ್ಷತ್ರಗಳ ನಡುವಿನಿಂದ ಎದುರಿಗೆ ಕುಳಿತವನೊಡನೆ ಮಾತನಾಡುವಂತೆ ಮಾತನಾಡುವನು! ಸೂರ್ಯನ ಅತಿ ಹತ್ತಿರದ ನಕ್ಷತ್ರದಿಂದ ಬೆಳಕು ಬರಲು 4.2 ವರ್ಷಗಳು ಬೇಕು. ಕಥೆಯ ಈ ಸ್ವಾತಂತ್ರ್ಯವನ್ನು ಬಲ್ಲವರಾಗಿಯೇ ನಾವು ಅದನ್ನು ಸವಿಯಬೇಕು. ಆದರೆ ಆ ಕಥೆಯನ್ನು ನಮ್ಮವರೆಗೆ ತಂದ ಸಾಧನಗಳಲ್ಲಿ ಕಲ್ಪನೆಯ ಸೋಂಕಿಲ್ಲ. ಅಲ್ಲಿ ಇರುವುದೆಲ್ಲವೂ ಗಟ್ಟಿಯಾದ ಭೌತಶಾಸ್ತ್ರ.

ಟೆಲಿವಿಷನ್ ಚಿತ್ರವು ಒಂದರ ಕೆಳಗೊಂದು ಎಳೆದ ರೇಖೆಗಳಿಂದಾದುದು. ಅಮೆರಿಕದ ಅಂದಿನ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 525 ರೇಖೆಗಳು. ಅವುಗಳಲ್ಲಿ ಪರದೆಯ ಮೇಲೆ ಕಾಣುವುವು ಸುಮಾರು 480. ಭಾರತವು ಅನುಸರಿಸಿದ ಪದ್ಧತಿಯಲ್ಲಿ 625 ರೇಖೆಗಳು. ಕಾಣುವುವು ಸುಮಾರು 575. ಬೀಸಣಿಗೆಯ ಕಡ್ಡಿಗಳ ಸಂದಿನಿಂದ ನೋಡಿದಂತೆ, ರೇಖೆಗಳ ನಡುವೆ ಬಿದ್ದುಹೋದ ಸೂಕ್ಷ್ಮ ವಿವರವು ಪ್ರೇಕ್ಷಕನಿಗೆ ಎಂದೂ ತಲುಪದು. 1966ರ ಪ್ರೇಕ್ಷಕರು ಕಂಡುದು ಇಂಥ ಚಿತ್ರವನ್ನು.

ಆದರೆ ಆ ಮಾಲೆಯನ್ನು ಮೊದಲು ಹಿಡಿದಿಟ್ಟುದು ಟೆಲಿವಿಷನ್ ಕ್ಯಾಮೆರಾ ಅಲ್ಲ. ಸಿನಿಮಾಕ್ಕೆ ಬಳಸುವ 35 ಮಿಲಿಮೀಟರಿನ ಫಿಲ್ಮು. ಗುಟ್ಟು ಇರುವುದು ಇಲ್ಲಿಯೇ. ಫಿಲ್ಮಿನಲ್ಲಿ ರೇಖೆಗಳಿಲ್ಲ. ಬೆಳಕಿಗೆ ಮಣಿಯುವ ಬೆಳ್ಳಿಯ ಲವಣದ ಕಣಗಳು ಅದರ ಮೇಲೆ ಎಲ್ಲೆಡೆಯೂ ಹರಡಿರುವುವು. ಬಣ್ಣದ ಫಿಲ್ಮನ್ನು ಸಂಸ್ಕರಿಸಿದಾಗ ಬೆಳ್ಳಿಯು ಕಳಚಿಹೋಗಿ ಆ ಸ್ಥಳಗಳಲ್ಲಿ ಬಣ್ಣವು ನಿಲ್ಲುವುದು. ಒಂದು ಮಿಲಿಮೀಟರಿನೊಳಗೆ ಕಪ್ಪುಬಿಳುಪಿನ 50 ಜೋಡಿ ಗೆರೆಗಳನ್ನು ಬೇರೆಬೇರೆಯಾಗಿ ತೋರಿಸಬಲ್ಲ ಫಿಲ್ಮೊಂದನ್ನು ಊಹಿಸಿಕೊಳ್ಳಿ. ಚಿತ್ರದ ಅಗಲವು ಸುಮಾರು 22 ಮಿಲಿಮೀಟರ್ ಆದುದರಿಂದ ಅಡ್ಡಲಾಗಿ 1100 ಜೋಡಿಗಳು, ಎಂದರೆ 2200 ಗೆರೆಗಳು ಅದರಲ್ಲಿ ಅಡಗಬಲ್ಲುವು. ಇಂದಿನ ಸ್ಪಷ್ಟ ಟೆಲಿವಿಷನ್ನಿನ ಚಿತ್ರದಲ್ಲಿ ಅಡ್ಡಲಾಗಿರುವುವು 1920 ಬಿಂದುಗಳು. 1966ರ ಪ್ರಸಾರವು ತೋರಿಸಲಾರದೆ ಬಿಟ್ಟ ವಿವರವೆಲ್ಲವೂ ಫಿಲ್ಮಿನ ಡಬ್ಬಿಯಲ್ಲಿ ನಲವತ್ತು ವರ್ಷಗಳ ಕಾಲ ಕಾದು ಕುಳಿತಿದ್ದಿತೆಂದಾಯಿತು. 2006ರಿಂದ ಅದನ್ನು ಹೊಸದಾಗಿ ಅಚ್ಚುಕಟ್ಟಾದ ಯಂತ್ರಗಳಿಂದ ಓದಲಾಯಿತು. ನಾವು ನೋಡುತ್ತಿರುವುದು ಪ್ರಸಾರದ ಪ್ರತಿಯನ್ನಲ್ಲ, ಪ್ರಸಾರಕ್ಕೂ ಮೂಲವಾದುದನ್ನು.

ಫಿಲ್ಮನ್ನು ಟೆಲಿವಿಷನ್ನಿಗೆ ಇಳಿಸುವಲ್ಲಿ ಇನ್ನೊಂದು ಸ್ವಾರಸ್ಯವುಂಟು. ಫಿಲ್ಮು ಸೆಕೆಂಡಿಗೆ 24 ಚಿತ್ರಗಳಂತೆ ಓಡುವುದು. 625 ರೇಖೆಗಳ ಪದ್ಧತಿಗೆ ಬೇಕಾದುವು 25. ಆದುದರಿಂದ ಫಿಲ್ಮನ್ನೇ ತುಸು ಬೇಗ ಓಡಿಸುವುದು ಸುಲಭೋಪಾಯವಾಗಿದ್ದಿತು. ಹಾಗೆ ಮಾಡಿದಾಗ 50 ನಿಮಿಷದ ಕಂತು 48 ನಿಮಿಷಕ್ಕೆ ಮುಗಿಯುವುದು. ಜೊತೆಗೆ ಧ್ವನಿಯ ಆವರ್ತನವೂ ನೂರಕ್ಕೆ ನಾಲ್ಕರಷ್ಟು ಏರಿ, ಪಾತ್ರಗಳ ಕಂಠವು ಸ್ವಲ್ಪ ಕೀಚಲಾಗುವುದು.

ಫಿಲ್ಮು ಉಳಿದರೆ ಎಂಥ ಲಾಭವೆಂಬುದಕ್ಕೆ ಇದೇ ಮಾಲೆಯ ಮೊದಲ ಪ್ರಾಯೋಗಿಕ ಕಂತಾದ ‘ದ ಕೇಜ್’ ಸಾಕ್ಷಿ. 1965ರಲ್ಲಿ ಸಿದ್ಧವಾದ ಅದನ್ನು ಪ್ರಸಾರಸಂಸ್ಥೆಯು ಒಪ್ಪಲಿಲ್ಲ. ಅದರ ಭಾಗಗಳನ್ನು ಕತ್ತರಿಸಿ 1966ರ ಬೇರೊಂದು ಕಥೆಯಲ್ಲಿ ಸೇರಿಸಿಕೊಂಡರು. 1986ರಲ್ಲಿ ಅದು ಕ್ಯಾಸೆಟ್ಟಿನ ರೂಪದಲ್ಲಿ ಹೊರಬಂದಾಗ ಕೆಲವು ದೃಶ್ಯಗಳು ಬಣ್ಣದಲ್ಲಿಯೂ ಉಳಿದುವು ಕಪ್ಪುಬಿಳುಪಿನಲ್ಲಿಯೂ ಇದ್ದುವು. ಮರುವರ್ಷ ಕಾಣೆಯಾಗಿದ್ದ ಬಣ್ಣದ ತುಣುಕುಗಳು ದೊರೆತು, 1988ರಲ್ಲಿ ಅದು ಪೂರ್ಣವರ್ಣದಲ್ಲಿ ಮೊದಲ ಬಾರಿಗೆ ಪ್ರಸಾರವಾಯಿತು.

ಇದಕ್ಕೆ ಎದುರಾದ ಕಥೆಯೊಂದಿದೆ. ಬ್ರಿಟನ್ನಿನ ‘ಡಾಕ್ಟರ್ ಹೂ’ ಎಂಬ ವಿಜ್ಞಾನಕಥೆಯ ಮಾಲೆಯು 1963ನೆಯ ನವೆಂಬರ್ 23ರಂದು ಆರಂಭವಾಯಿತು. ಅದರ ಬಹುಪಾಲು ಮುದ್ರಿತವಾದುದು ಕಾಂತೀಯ ಟೇಪಿನ ಮೇಲೆ. ಟೇಪಿಗೆ ಬೆಲೆ ಹೆಚ್ಚು. ಅಳಿಸಿ ಮತ್ತೆ ಬಳಸಬಹುದೆಂಬುದೇ ಅದರ ಗುಣ. ಆ ಗುಣವೇ ಅದಕ್ಕೆ ಮುಳುವಾಯಿತು. ಪ್ರಸಾರ ಮುಗಿದ ಕಂತುಗಳನ್ನು ಅಳಿಸಿ ಟೇಪನ್ನು ಬೇರೆ ಕೆಲಸಕ್ಕೆ ಬಳಸಿದರು. ಅದೃಷ್ಟವಶಾತ್ ಹೊರದೇಶಗಳಿಗೆ ಮಾರುವುದಕ್ಕಾಗಿ, ಟೆಲಿವಿಷನ್ ಪರದೆಯ ಎದುರಿಗೆ ಫಿಲ್ಮು ಕ್ಯಾಮೆರಾ ಇರಿಸಿ ಪ್ರತಿಗಳನ್ನು ತೆಗೆದಿದ್ದರು. ಇಂದು ಉಳಿದಿರುವ ಹಳೆಯ ಕಂತುಗಳಲ್ಲಿ ಹೆಚ್ಚಿನವು ಹೀಗೆ ಫಿಲ್ಮಿನಿಂದ ಬದುಕಿದುವು. 2013ರಲ್ಲಿ ನೈಜೀರಿಯದಲ್ಲಿ ಒಂಬತ್ತು ಕಂತುಗಳು ದೊರೆತ ಸುದ್ದಿ ಪ್ರಕಟವಾಯಿತು. ಅದಾದ ಮೇಲೂ ಮೊದಲ ಆರು ವರ್ಷಗಳ 253 ಕಂತುಗಳಲ್ಲಿ 97 ಇಲ್ಲವಾಗಿದ್ದುವು. ಒಂದು ಮಾಲೆಯು ಮೊದಲಿಗಿಂತ ಚೆನ್ನಾಗಿ ಕಾಣುತ್ತಿದೆ. ಇನ್ನೊಂದರ ಭಾಗಗಳೇ ಇಲ್ಲ. ಎರಡಕ್ಕೂ ಕಾರಣ ಕಥೆಯ ಗುಣವಲ್ಲ, ಅದನ್ನು ಬರೆದಿಟ್ಟ ವಸ್ತುವಿನ ಗುಣ ಮತ್ತು ಅದನ್ನು ಕಾಯ್ದವರ ಎಚ್ಚರ.

ಟೇಪನ್ನು ಕೀಳೆಂದು ತಿಳಿಯಬಾರದು. ಅದರಲ್ಲಿ ಅಡಗಿರುವ ಜಾಣ್ಮೆ ಅಸಾಧಾರಣವಾದುದು. 1976ರಲ್ಲಿ ಜಪಾನಿನಲ್ಲಿ ಹೊರಬಂದು ಮನೆಮನೆಗೂ ಹರಡಿದ ವಿಎಚ್‌ಎಸ್ ಕ್ಯಾಸೆಟ್ಟನ್ನೇ ನೋಡೋಣ. ಅದರ ಟೇಪು ಅರ್ಧ ಅಂಗುಲ ಅಗಲದ್ದು. ನಮ್ಮ ಪದ್ಧತಿಯಲ್ಲಿ ಸೆಕೆಂಡಿಗೆ ಕೇವಲ 2.34 ಸೆಂಟಿಮೀಟರಿನಂತೆ ಸರಿಯುವುದು. ಚಿತ್ರವನ್ನು ಬರೆಯುವ ವಿದ್ಯುತ್ತು ಸೆಕೆಂಡಿಗೆ ಸುಮಾರು 40 ಲಕ್ಷ ಸಲ ಆಂದೋಲಿಸುವುದು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ, ಒಂದು ಅಲೆಗೆ ಟೇಪಿನ ಮೇಲೆ ದೊರೆಯುವ ಉದ್ದವು 6 ನ್ಯಾನೋಮೀಟರ್ ಮಾತ್ರ. ಟೇಪಿಗೆ ಬಳಿದ ಕಬ್ಬಿಣದ ಆಕ್ಸೈಡಿನ ಒಂದೊಂದು ಕಣವೂ ಇದರ ಹತ್ತಾರು ಪಟ್ಟು ಉದ್ದವಿರುವಾಗ ಇಷ್ಟು ಸಣ್ಣ ಬರಹವು ಮೂಡುವುದೆಂತು? ಇದಕ್ಕೆ ಕಂಡುಕೊಂಡ ಉಪಾಯವೆಂದರೆ, ಬರೆಯುವ ಕಾಂತವನ್ನೇ ತಿರುಗಿಸುವುದು. 62 ಮಿಲಿಮೀಟರ್ ವ್ಯಾಸದ ಉರುಳೆಯೊಂದರಲ್ಲಿ ಎರಡು ಕಾಂತಗಳನ್ನು ಕೂಡಿಸಿ, ಅದನ್ನು ಸೆಕೆಂಡಿಗೆ 25 ಸುತ್ತು ಸುತ್ತಿಸುವರು. ಟೇಪು ಅದರ ಮೈಗೆ ಓರೆಯಾಗಿ ಒರಗಿಕೊಂಡು ಸಾಗುವುದು. ಆಗ ಕಾಂತಕ್ಕೂ ಟೇಪಿಗೂ ನಡುವಣ ವೇಗವು ಸೆಕೆಂಡಿಗೆ ಸುಮಾರು 4.85 ಮೀಟರಾಗಿ, ಒಂದು ಅಲೆಗೆ 1.2 ಮೈಕ್ರೋಮೀಟರಿನಷ್ಟು, ಎಂದರೆ ಇನ್ನೂರು ಪಟ್ಟು ಹೆಚ್ಚು ಜಾಗವು ದೊರೆಯುವುದು. ಹೀಗಿದ್ದರೂ ಪ್ರಸಾರದಲ್ಲಿದ್ದ 5 ಮೆಗಾಹರ್ಟ್ಸಿನ ವಿವರದಲ್ಲಿ ಕ್ಯಾಸೆಟ್ಟು ಉಳಿಸಿಕೊಳ್ಳುವುದು ಸುಮಾರು 3 ಮೆಗಾಹರ್ಟ್ಸನ್ನು ಮಾತ್ರ. ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ಚಿತ್ರವು ಇನ್ನಷ್ಟು ಮಸುಕಾಗುವುದು.

ಡಿಸ್ಕುಗಳಲ್ಲಿ ಚಿತ್ರವು ಅಲೆಯ ರೂಪದಲ್ಲಿರದೆ ಅಂಕಿಗಳ ರೂಪದಲ್ಲಿರುವುದು. ಡಿವಿಡಿಯಲ್ಲಿ ಈ ಅಂಕಿಗಳ ಗುರುತುಗಳನ್ನು ಓದುವುದು 650 ನ್ಯಾನೋಮೀಟರ್ ತರಂಗದೂರದ ಕೆಂಪು ಲೇಸರ್. ಬ್ಲೂ-ರೇಯಲ್ಲಿ 405 ನ್ಯಾನೋಮೀಟರಿನ ನೇರಳೆ ಲೇಸರ್. ತರಂಗದೂರವು ಕಡಮೆಯಾದಷ್ಟೂ ಕಿರಣವನ್ನು ಸಣ್ಣ ಬಿಂದುವಿಗೆ ಕೂಡಿಸಬಹುದು. ಇದರೊಡನೆ ಮಸೂರವೂ ಉತ್ತಮಗೊಂಡು, ಬಿಂದುವಿನ ವ್ಯಾಸವು ಸುಮಾರು 2.3 ಪಟ್ಟು ಕುಗ್ಗಿತು. ವಿಸ್ತೀರ್ಣವು ಐದು ಪಟ್ಟು ಕುಗ್ಗಿತು. ಡಿಸ್ಕಿನ ಒಂದು ಪದರದ ಸಾಮರ್ಥ್ಯವು 4.7 ಗಿಗಾಬೈಟಿನಿಂದ 25ಕ್ಕೆ ಏರಿದುದರ ಲೆಕ್ಕವು ಇದೇ. ಅಂಕಿಗಳ ಇನ್ನೊಂದು ಹಿರಿಮೆಯುಂಟು: ಅವನ್ನು ತಪ್ಪಿಲ್ಲದೆ ನಕಲುಮಾಡಿದರೆ ನೂರನೆಯ ಪ್ರತಿಯೂ ಮೊದಲನೆಯದರಂತೆಯೇ ಇರುವುದು. ಓಲೆಗರಿಯವನ ಕಷ್ಟವು ಇಲ್ಲಿ ನೀಗಿತು.

2009ರಲ್ಲಿ ಸ್ಟಾರ್ ಟ್ರೆಕ್ಕಿನ ಮೊದಲ ಮಾಲಿಕೆಯು ಬ್ಲೂ-ರೇಯಲ್ಲಿ ಹೊರಬಂದಿತು. ಸ್ಪಷ್ಟತೆಯು ಎಲ್ಲವನ್ನೂ ಬಯಲುಮಾಡುವುದಷ್ಟೆ. ನಟರ ಮುಖಲೇಪ, ನೌಕೆಯ ಗೋಡೆಗಳಾಗಿ ನಿಂತ ಹಲಗೆಗಳ ಬಣ್ಣ, ಹೊಡೆದಾಟದಲ್ಲಿ ನಟನ ಬದಲಿಗೆ ಬಂದವನ ಮುಖ, ಇವೆಲ್ಲವೂ ಈಗ ಕಾಣುವುವು. ಮಸುಕಾದ ಪರದೆಯನ್ನು ನಂಬಿಯೇ ಅಂದಿನವರು ಅವನ್ನು ಹಾಗೆ ಬಿಟ್ಟಿದ್ದರು. ನೌಕೆಯ ಹಾರಾಟದ ದೃಶ್ಯಗಳನ್ನು ಗಣಕದಿಂದ ಹೊಸದಾಗಿ ರಚಿಸಿ ಸೇರಿಸಿದರೂ, ಬೇಕಾದವರು ಹಳೆಯ ದೃಶ್ಯಗಳನ್ನೇ ನೋಡುವಂತೆ ಡಿಸ್ಕಿನಲ್ಲಿ ಅವಕಾಶವನ್ನಿತ್ತುದು ವಿವೇಕದ ಕೆಲಸ. ಹಳೆಯದನ್ನು ತಿದ್ದಬಹುದು, ಆದರೆ ತಿದ್ದುವ ಮೊದಲಿನ ರೂಪವೂ ದೊರೆಯುವಂತಿರಬೇಕು.

ಈ ವಿಚಾರವು ಹಾಲಿವುಡ್ಡಿಗೆ ಮಾತ್ರ ಸಂಬಂಧಿಸಿದುದಲ್ಲ. ನರೋಣಾದಂಥ ಊರುಗಳ ಮನೆಗಳಲ್ಲಿಯೂ ಮದುವೆ, ಜಾತ್ರೆ, ಶಾಲೆಯ ವಾರ್ಷಿಕೋತ್ಸವಗಳ ವಿಎಚ್‌ಎಸ್ ಕ್ಯಾಸೆಟ್ಟುಗಳು ಬೀರುವಿನಲ್ಲಿ ಇದ್ದಾವು. ಅವುಗಳಿಗೆ ಹಿಂದೆ ಕಾದುಕುಳಿತ ಫಿಲ್ಮಿಲ್ಲ. ಆ ಟೇಪೇ ಮೂಲ, ಆ ಟೇಪೇ ಪ್ರತಿ. ಆಕ್ಸೈಡಿನ ಕಣಗಳನ್ನು ಟೇಪಿಗೆ ಹಿಡಿದಿರುವ ಅಂಟು ಗಾಳಿಯ ತೇವವನ್ನು ಹೀರಿ ಮೆಲ್ಲನೆ ಒಡೆಯುವುದು. ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು. ನಮ್ಮ ಸೀಮೆಯ ಬೇಸಗೆಯ ಬಿಸಿಯು ಇದಕ್ಕೆ ನೆರವಾಗುವುದು. ಓದುವ ಯಂತ್ರಗಳೂ ಕಣ್ಮರೆಯಾಗುತ್ತಿವೆ. ಜಗತ್ತಿನಲ್ಲಿ ಇವನ್ನು ತಯಾರಿಸುತ್ತಿದ್ದ ಕೊನೆಯ ಜಪಾನೀ ಕಂಪೆನಿಯು 2016ರಲ್ಲಿ ಆ ಕೆಲಸವನ್ನು ನಿಲ್ಲಿಸಿತು.

ಆದುದರಿಂದ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ಮನೆಯ ಕ್ಯಾಸೆಟ್ಟುಗಳನ್ನು ಹುಡುಕಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ತಂಪಾದ ಒಣ ಜಾಗದಲ್ಲಿಡಿ. ಧ್ವನಿವರ್ಧಕದ ಬಳಿ ಇಡಬೇಡಿ. ಅದರಲ್ಲಿ ಬಲವಾದ ಅಯಸ್ಕಾಂತವಿರುವುದು. ಬೂಷ್ಟು ಕಂಡರೆ ಯಂತ್ರಕ್ಕೆ ಹಾಕದೆ ಬಲ್ಲವರಿಂದ ಶುಚಿಮಾಡಿಸಿ. ಯಂತ್ರವು ಇನ್ನೂ ದೊರೆಯುತ್ತಿರುವಾಗಲೇ ಚಿತ್ರವನ್ನು ಅಂಕಿಗಳ ರೂಪಕ್ಕೆ ಇಳಿಸಿ, ಎರಡು ಪ್ರತಿಗಳನ್ನು ಎರಡು ಬೇರೆ ಕಡೆ ಇರಿಸಿ. ಆದರೂ ಮೂಲವನ್ನು ಎಸೆಯಬೇಡಿ. ದೂರದ ನಕ್ಷತ್ರಗಳಿಗೆ ಹೋದಂತೆ ನಟಿಸಿದವರ ಮುಖಗಳು ಅರುವತ್ತು ವರ್ಷಗಳ ಮೇಲೆ ಅಷ್ಟು ನಿಚ್ಚಳವಾಗಿ ಉಳಿದಿರುವಾಗ, ನಮ್ಮ ಅಜ್ಜಿಯರ ಮುಖಗಳು ಟೇಪಿನ ಅಂಟಿನೊಡನೆ ಕರಗಿಹೋಗುವುದು ಉಚಿತವಲ್ಲ.