ಬಣ್ಣದ ಮರೆಯಲ್ಲಿ ಚಾಸಿ ತಿನ್ನುವ ತುಕ್ಕು

ಕೊಪ್ಪಳ: ಗಂಗಾವತಿಯ ಭತ್ತ, ಯಲಬುರ್ಗಾ ಹಾಗೂ ಕುಷ್ಟಗಿಯ ಮೆಕ್ಕೆಜೋಳ, ಗೊಬ್ಬರದ ಚೀಲ. ಪಿಕಪ್ ವಾಹನಗಳು ಇಲ್ಲಿ ಹೊರದ ಸರಕಿಲ್ಲ. ಆದರೆ ಆ ಭಾರವನ್ನೆಲ್ಲ ತಾಳುವ ಉಕ್ಕಿನ ಚಾಸಿಯನ್ನು ಬಗ್ಗಿ ನೋಡುವವರು ವಿರಳ.

ಉಕ್ಕಿಗೆ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಎರಡೂ ಬೇಕು. ಲವಣಾಂಶ ಬೆರೆತರೆ ಕ್ರಿಯೆ ತೀವ್ರಗೊಳ್ಳುತ್ತದೆ. ರೈತರು ಬಳಸುವ ಪೊಟ್ಯಾಷ್ ಗೊಬ್ಬರವು ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣವೇ ಆಗಿದೆ. ಹರಿದ ಚೀಲದಿಂದ ಸೋರಿದ ಪುಡಿ, ಗದ್ದೆಯ ಕೆಸರು ಚಾಸಿಯ ಸಂದುಗಳಲ್ಲಿ ಸೇರಿ ತೇವವನ್ನು ಹಿಡಿದಿಡುತ್ತವೆ. ಹೊರಗಿನ ಬಣ್ಣ ಮಾಸದಿದ್ದರೂ ಪೆಟ್ಟಿಗೆಯಾಕಾರದ ತೊಲೆಗಳು ಒಳಗಿನಿಂದ ತೆಳುವಾಗುತ್ತವೆ. ಬ್ರೇಕಿನ ಲೋಹದ ಕೊಳವೆಗೂ ಇದೇ ಅಪಾಯ.

ಇದು ಹಳೆಯ ಬಂಡಿಗಳಿಗಷ್ಟೇ ಸೀಮಿತವಲ್ಲ. ಅಮೆರಿಕದಲ್ಲಿ ಟಕೋಮಾ, ಟುಂಡ್ರಾ ಪಿಕಪ್ ಸೇರಿದಂತೆ ಸುಮಾರು 15 ಲಕ್ಷ ವಾಹನಗಳ ಚಾಸಿ ತುಕ್ಕಿನ ವ್ಯಾಜ್ಯದಲ್ಲಿ ಟೊಯೊಟಾ 2016ರಲ್ಲಿ ಗರಿಷ್ಠ 340 ಕೋಟಿ ಡಾಲರ್ ಅಂದಾಜಿನ ಒಪ್ಪಂದಕ್ಕೆ ಬಂದಿತ್ತು.

ಪರೀಕ್ಷೆ ಸರಳ. ಸ್ಪ್ರಿಂಗ್ ಪಟ್ಟಿ ಜೋಡಿಸಿರುವ ಜಾಗ, ವೆಲ್ಡಿಂಗ್ ಅಂಚುಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಬೇಕು. ಗಟ್ಟಿ ಉಕ್ಕು ಖಣಖಣಿಸುತ್ತದೆ, ಸವೆದದ್ದು ಮಂದವಾಗಿ ಸದ್ದು ಮಾಡುತ್ತದೆ, ಹೆಕ್ಕಳಿಕೆ ಉದುರುತ್ತದೆ. ಮಾರಾಟಕ್ಕಿಟ್ಟ ಬಂಡಿಯ ಚಾಸಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಎಚ್ಚರಿಕೆ ಅಗತ್ಯ. ಸವೆದ ತಗಡಿನ ಮೇಲೆ ತೇಪೆ ಬೆಸೆದರೆ ಕಳೆದ ಬಲ ಮರಳದು.

ಸರಕು ವಾಹನಗಳಿಗೆ 8 ವರ್ಷದವರೆಗೆ 2 ವರ್ಷಕ್ಕೊಮ್ಮೆ, ಬಳಿಕ ಪ್ರತಿವರ್ಷ ಅರ್ಹತಾ ಪತ್ರ ಕಡ್ಡಾಯ. ತುಕ್ಕು ಆ ದಿನಾಂಕಕ್ಕಾಗಿ ಕಾಯುವುದಿಲ್ಲ. ಗೊಬ್ಬರ ಇಳಿಸಿದ ದಿನವೇ ಬಂಡಿಯ ಅಡಿಭಾಗ ತೊಳೆದು, ನೀರು ಬಸಿಯುವ ರಂಧ್ರಗಳನ್ನು ತೆರೆದಿಡುವುದು ಸಾಲದ ಕಂತಿನಷ್ಟೇ ಮುಖ್ಯ.