ಲೋಡರ್ ಬಕೆಟ್ ತಾನಾಗಿ ಇಳಿದರೆ

ಎತ್ತಿ ನಿಲ್ಲಿಸಿದ ಟ್ರ್ಯಾಕ್ಟರ್ ಲೋಡರಿನ ಬಕೆಟ್ ಮೆಲ್ಲಗೆ ಇಳಿಯತೊಡಗಿದರೆ ದೂರು ಮೊದಲು ಬೀಳುವುದು ಕಂಟ್ರೋಲ್ ವಾಲ್ವಿನ ಮೇಲೆ. ವಾಲ್ವಿನೊಳಗಿನ ಸ್ಪೂಲ್ ಸುತ್ತ ತುಸು ಎಣ್ಣೆ ಜಾರುವುದು ಸಹಜ. ಗಂಟೆಗಟ್ಟಲೆ ನಿಂತಾಗ ಸ್ವಲ್ಪ ಇಳಿದರೆ ಅದು ದೋಷವಲ್ಲ. ಕಣ್ಣೆದುರೇ ಇಳಿದರೆ ತಪ್ಪು ವಾಲ್ವಿನದೋ ಸಿಲಿಂಡರ್ ಸೀಲಿನದೋ ನೋಡಬೇಕು.

ತೋಳನ್ನು ಪೂರ್ತಿ ಎತ್ತಿ, ಭದ್ರ ಆಧಾರ ಕೊಟ್ಟು, ಎಂಜಿನ್ ನಿಲ್ಲಿಸಿ, ಲಿವರ್ ಆಡಿಸಿ ಒತ್ತಡ ಇಳಿಸಬೇಕು. ಒಂದು ಸಿಲಿಂಡರಿನ ರಾಡ್ ಕಡೆಯ ಹೋಸ್ ಬಿಚ್ಚಿ, ಹೋಸಿನ ಬಾಯಿಗೆ ಪ್ಲಗ್ ಹಾಕಬೇಕು. ಎಂಜಿನ್ ಚಾಲೂ ಮಾಡಿ ಲಿವರನ್ನು ಎತ್ತುವ ಕಡೆಗೆ ಹಿಡಿದಾಗ ಸಿಲಿಂಡರಿನಿಂದ ಎಣ್ಣೆ ಹರಿಯುತ್ತಲೇ ಇದ್ದರೆ ಸೀಲ್ ಹೋಗಿದೆ. ಎರಡೂ ಸಿಲಿಂಡರ್ ಸರಿಯಿದ್ದರೆ ಅನುಮಾನ ವಾಲ್ವಿನದು. ಸೋರಿಕೆ ಹುಡುಕಲು ಕೈ ಅಲ್ಲ, ರಟ್ಟಿನ ತುಂಡು. ಒತ್ತಡದ ಎಣ್ಣೆ ಚರ್ಮದೊಳಗೆ ಹೊಕ್ಕರೆ ತುರ್ತು ಚಿಕಿತ್ಸೆಯೇ ಬೇಕು.

ಕಾರ್ಕಳದ ಕಲ್ಲುಕೋರೆ ದೂಳು, ಕಾಪುವಿನ ಉಪ್ಪುಗಾಳಿ, ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ: ಉಡುಪಿ ಜಿಲ್ಲೆಯಲ್ಲಿ ವಾಲ್ವಿಗೆ ಶತ್ರುಗಳ ಕೊರತೆಯಿಲ್ಲ. ಸ್ಪೂಲಿನ ಹೊರತುದಿ ತುಕ್ಕು ಹಿಡಿದರೆ ಲಿವರ್ ಬಿಗಿಯುತ್ತದೆ, ಬಿಟ್ಟರೂ ನಡುವಿಗೆ ಮರಳುವುದಿಲ್ಲ. ಎಣ್ಣೆ ಹಾಲಿನಂತೆ ಬೆಳ್ಳಗಾದರೆ ನೀರು ಸೇರಿದೆ. ಎತ್ತಲು ಹೊರಟ ಕ್ಷಣ ಬಕೆಟ್ ಒಮ್ಮೆ ಕುಸಿದು ಆಮೇಲೆ ಏರಿದರೆ ಲೋಡ್ ಚೆಕ್ ವಾಲ್ವಿನಲ್ಲಿ ಕಸ ಸಿಕ್ಕಿರುವ ಸಾಧ್ಯತೆ ಹೆಚ್ಚು.

ಎತ್ತುವುದು, ಮಗುಚುವುದು ಎರಡೂ ದುರ್ಬಲವಾದರೆ ಮೊದಲು ಎಣ್ಣೆಯ ಮಟ್ಟ, ಫಿಲ್ಟರ್. ಆಮೇಲೆ ರಿಲೀಫ್ ವಾಲ್ವ್. ಪ್ರೆಶರ್ ಗೇಜ್ ಇಲ್ಲದೆ ಅದರ ಸ್ಕ್ರೂ ಬಿಗಿಮಾಡಿದರೆ ಹೋಸ್ ಒಡೆಯಬಹುದು, ಪಂಪೂ ಕೆಡಬಹುದು.