ಹಳೆಯ ಅಡಿಗೆಮನೆಯ ಕಡೆಯ ದಿನಗಳು

ಯಳಂದೂರಿನಲ್ಲಿರುವ ನಮ್ಮ ಪಿತ್ರಾರ್ಜಿತವಾದ ಮನೆಯ ಅಡಿಗೆಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸಬೇಕೆಂದು ನಿಶ್ಚಯಿಸಿ ಇಂದಿಗೆ ಹದಿನಾಲ್ಕು ತಿಂಗಳಾದುವು. ಮಳೆಗಾಲವೆಂದು ಒಮ್ಮೆ, ಮೇಸ್ತ್ರಿಗೆ ಕೊಳ್ಳೇಗಾಲದಲ್ಲಿ ಬೇರೆ ಕೆಲಸ ಒದಗಿತೆಂದು ಒಮ್ಮೆ, ಪಿತೃಪಕ್ಷವೆಂದು ಇನ್ನೊಮ್ಮೆ ಆ ಕಾರ್ಯವು ಮುಂದಕ್ಕೆ ಹೋಗುತ್ತಲೇ ಬಂದಿತು. ಕೆಡವಲಿರುವ ಗೋಡೆಗೆ ಸುಣ್ಣ ಬಳಿಸುವವರುಂಟೆ? ಒಡೆದ ಹಂಚನ್ನು ಬದಲಾಯಿಸುವುದೇತಕ್ಕೆ? ಹೀಗೆಂದು ಉಪೇಕ್ಷಿಸಿದುದರಿಂದ ಆ ಅಡಿಗೆಮನೆಯು ಮೊದಲಿದ್ದುದಕ್ಕಿಂತಲೂ ಹೀನಸ್ಥಿತಿಗೆ ಬಂದಿದೆ. ಇಂತಹ ಮಧ್ಯಂತರದಲ್ಲಿ ಸಂಸಾರ ಸಾಗಿಸುತ್ತಿರುವ ಗೃಹಸ್ಥರು ನಮ್ಮ ವಾಚಕರಲ್ಲಿಯೂ ಇರಬಹುದಾದುದರಿಂದ ನಮ್ಮ ಅನುಭವವನ್ನು ಬರೆಯಲು ಮನಸ್ಸು ಮಾಡಿದೆವು.

ಇದನ್ನು ಕಟ್ಟಿಸಿದವರು ನಮ್ಮ ಪಿತಾಮಹರು. ಮನೆಯ ಆಗ್ನೇಯ ಮೂಲೆ, ನೆಲದ ಮೇಲೆಯೇ ಮಣ್ಣಿನ ಒಲೆ, ಅದಕ್ಕೆ ಹೊಂದಿಕೊಂಡಂತೆ ಕೋಡೊಲೆ, ಪೂರ್ವಾಭಿಮುಖವಾಗಿ ಕುಳಿತು ಅಡಿಗೆ ಮಾಡುವ ಏರ್ಪಾಡು. ಮೇಲೆ ನಾಗಂದಿಗೆ, ತೊಲೆಯಿಂದ ಇಳಿಬಿದ್ದ ನೆಲವು, ಮೂಲೆಯಲ್ಲಿ ಒರಳುಕಲ್ಲು. ನಾಗಂದಿಗೆಯ ಮೇಲೆ ಈಗಲೂ ಒಂದು ಕಲ್ಲಿನ ಪಾತ್ರೆಯಿದೆ. ಅದು ನಮ್ಮ ಅಜ್ಜಿಯವರ ತವರಾದ ಕೊಳ್ಳೇಗಾಲದಿಂದ ಬಂದುದು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ, ಮೈಸೂರು ಸಂಸ್ಥಾನದ ಊರು. ಕೊಳ್ಳೇಗಾಲವಾದರೋ 1956ರ ವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹತ್ತಾರು ಮೈಲಿ ಗಾಡಿಯಲ್ಲಿ ಬಂದ ಮದುವಣಗಿತ್ತಿ ಒಂದು ಸರ್ಕಾರವನ್ನು ಬಿಟ್ಟು ಇನ್ನೊಂದು ಸರ್ಕಾರದ ಒಲೆಯನ್ನು ಹಚ್ಚಿದಳೆಂದು ನಮ್ಮ ತಾತನವರು ಹಾಸ್ಯ ಮಾಡುತ್ತಿದ್ದರಂತೆ.

ಆ ಕಾಲಕ್ಕೆ ಇದು ಕೆಟ್ಟ ಅಡಿಗೆಮನೆಯಾಗಿರಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಹಿತ್ತಲಿನ ಕಡೆಗೆ ಒಂದು ಕಿಟಕಿಯೂ ಮಾಡಿನಲ್ಲಿ ಒಂದು ಗವಾಕ್ಷಿಯೂ ಇದ್ದುವು. ಸೌದೆ ನೆನೆಯಬಾರದೆಂದು ನಮ್ಮ ತಂದೆಯವರು ಹಿತ್ತಲ ಗೋಡೆಗೆ ಒತ್ತಿ ಕೊಟ್ಟಿಗೆಯನ್ನು ಕಟ್ಟಿಸಿದರು, ಕಿಟಕಿ ಮುಚ್ಚಿಹೋಯಿತು. ಕೋತಿಗಳ ಕಾಟಕ್ಕಾಗಿ ಗವಾಕ್ಷಿಗೆ ತಗಡನ್ನು ಹೊದಿಸಿದವರು ನಾವೇ. ಹೀಗೆ ಎರಡು ತಲೆಮಾರಿನ ಗಂಡಸರು ತಮ್ಮ ತಮ್ಮ ಬುದ್ಧಿವಂತಿಕೆಯಿಂದ ಹೊಗೆಯ ಎರಡು ದಾರಿಗಳನ್ನೂ ಕಟ್ಟಿದೆವು. 1998ರಲ್ಲಿ ಗ್ಯಾಸಿನ ಒಲೆ ಬಂದಿತೇನೋ ಸರಿ. ಒಂದು ಹಲಗೆಯ ಮೇಲೆ ಅದಕ್ಕೆ ಸ್ಥಳವೂ ಆಯಿತು. ಆದರೆ ರಾಗಿಯ ಹಿಟ್ಟನ್ನು ಕೋಲಿನಿಂದ ತಿರುವುವಾಗ ಪಾತ್ರೆ ಅದರ ಮೇಲೆ ನಿಲ್ಲದೆ ಜಾರುವುದು. ಆದುದರಿಂದ ಹಿಟ್ಟು, ಸ್ನಾನದ ನೀರು, ಹಬ್ಬದ ಅಡಿಗೆ ಇವೆಲ್ಲವೂ ಸೌದೆಯ ಪಾಲಿಗೇ ಉಳಿದುವು.

ಇಲ್ಲಿ ನಮ್ಮ ಲಜ್ಜೆಯ ವಿಷಯವೊಂದನ್ನು ಹೇಳಬೇಕಾಗಿದೆ. ತರ್ಕಶಾಸ್ತ್ರದಲ್ಲಿ ಹೊಗೆಯಿಂದ ಬೆಂಕಿಯನ್ನು ಊಹಿಸುವುದಕ್ಕೆ ದೃಷ್ಟಾಂತವಾಗಿ ಕೊಡುವುದು ಮಹಾನಸವನ್ನು, ಎಂದರೆ ಅಡಿಗೆಮನೆಯನ್ನು. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ಬಾಲಕನಿಗೂ ಇದು ಗೊತ್ತು. ಮೂವತ್ತು ವರ್ಷಗಳ ಕಾಲ ಈ ದೃಷ್ಟಾಂತವನ್ನು ಹೇಳುತ್ತ ಬಂದ ನಾವು, ಊಟದ ಎಲೆಯ ಮುಂದೆ ಕುಳಿತುಕೊಳ್ಳುವುದಕ್ಕಲ್ಲದೆ ಆ ಮಹಾನಸವನ್ನು ಪ್ರವೇಶಿಸಿದವರಲ್ಲ. ಕಳೆದ ಮಾಘಮಾಸದಲ್ಲಿ ನಮ್ಮ ಮನೆಯವರು ಕೆಮ್ಮು ಉಬ್ಬಸಗಳಿಂದ ಮಲಗಿದರು. ಕೊಳ್ಳೇಗಾಲದ ವೈದ್ಯರೊಬ್ಬರು ಎದೆಯನ್ನು ಪರೀಕ್ಷಿಸಿ, "ಇವರು ಬೀಡಿ ಸೇದುವವರೇ?" ಎಂದು ಕೇಳಿದರು. ನಾವು ಬೆಚ್ಚಿಬಿದ್ದೆವು. ಸೌದೆಯ ಒಲೆಯ ಮುಂದೆ ಕುಳಿತ ವರ್ಷಗಳನ್ನು ಅವರೇ ಎಣಿಸಿ ನಮಗೆ ತಿಳಿಯ ಹೇಳಿದರು. 2020ನೆಯ ಒಂದೇ ವರ್ಷದಲ್ಲಿ ಮನೆಯೊಳಗಿನ ಹೊಗೆಯ ದೆಸೆಯಿಂದ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನರು ಮೃತರಾದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಗಣನೆ ಮಾಡಿರುವುದನ್ನು ಆಮೇಲೆ ಓದಿದೆವು.

ಮುಂದಿನ ಎಂಟು ದಿನ ಅಡಿಗೆ ನಮ್ಮದಾಯಿತು. ಮೊದಲನೆಯ ದಿನ ಹಸಿ ಸೌದೆಯನ್ನು ಒಲೆಗೆ ಒಡ್ಡಿ ಊದುಗೊಳವೆಯಿಂದ ಊದಿ ಊದಿ ಕಣ್ಣು ಕೆಂಡವಾಯಿತು. ತೊಲೆಯಿಂದ ಇಲ್ಲಣವು ಸಾರಿನೊಳಕ್ಕೆ ಉದುರಿತು. ಕುಳಿತರೆ ಏಳಲಾಗದು, ಎದ್ದರೆ ಉಪ್ಪಿನ ಮರಿಗೆ ಕೆಳಗೆ, ಬಗ್ಗಿದರೆ ನೆಲವು ತಲೆಗೆ ಬಡಿಯುವುದು. ಮೂರನೆಯ ದಿನ ಏಣಿ ಹಾಕಿ ಗವಾಕ್ಷಿಯ ತಗಡನ್ನು ಕಿತ್ತು, ಅಲ್ಲಿ ಕಬ್ಬಿಣದ ಜಾಲರಿಯನ್ನು ಬಿಗಿಸಿದೆವು. ಅರ್ಧ ಗಳಿಗೆಯಲ್ಲಿ ಹೊಗೆ ಮೇಲೇರಿತು. ನಮ್ಮ ಸಾಧನೆಯನ್ನು ಮಲಗಿದ್ದವರಿಗೆ ಹೆಮ್ಮೆಯಿಂದ ತಿಳಿಸಲು, "ಮೂವತ್ತು ವರ್ಷದ ಹಿಂದೆಯೇ ನಿಮಗೆ ಇದು ಹೊಳೆದಿದ್ದರೆ ಚೆನ್ನಾಗಿತ್ತು" ಎಂದಷ್ಟೇ ಹೇಳಿ ಅವರು ಮಗ್ಗುಲಾದರು.

ಹನೂರಿನ ಶಾಲೆಯಲ್ಲಿ ನಾವು ಹನ್ನೆರಡು ವರ್ಷ ಇದ್ದೆವು. ಅಲ್ಲಿ ಕಾಡಂಚಿನ ಹಳ್ಳಿಗಳಿಂದ ಬರುತ್ತಿದ್ದ ಹೆಣ್ಣುಮಕ್ಕಳು ತಡವಾಗಿ ಬಂದು ಬಾಗಿಲಲ್ಲಿ ನಿಲ್ಲುವುದು, ಕಾರಣ ಕೇಳಿದರೆ ಸೌದೆಗೆ ಹೋಗಿದ್ದೆವೆನ್ನುವುದು ನಿತ್ಯದ ಮಾತಾಗಿತ್ತು. ಆನೆಗಳಿರುವ ಕಾಡು ಅದು. 2013ರಲ್ಲಿ ಮಲೆಮಹದೇಶ್ವರ ವನ್ಯಧಾಮವೆಂದು ಘೋಷಿತವಾಯಿತು. 2016ರಲ್ಲಿ ಉಜ್ವಲ ಯೋಜನೆ ಆರಂಭವಾದ ಮೇಲೆ ಗ್ಯಾಸು ಬಂದ ಒಂದು ಮನೆಗೆ ಹೋದಾಗ, ಸಿಲಿಂಡರಿಗೆ ಹೂವಿನ ಬಟ್ಟೆಯನ್ನು ಹೊದಿಸಿಟ್ಟು, ನಮಗೆ ಕಾಫಿ ಕಾಯಿಸುವಾಗ ಮಾತ್ರ ಅದನ್ನು ತೆಗೆದರು. ಮರಳಿ ತುಂಬಿಸುವ ಹಣ ಕೈಯಲ್ಲಿಲ್ಲದವರಿಗೆ ಅದು ಅತಿಥಿಸತ್ಕಾರದ ವಸ್ತುವಷ್ಟೆ. ಕೈಯಲ್ಲಿ ಹಣವಿದ್ದೂ ಮಾಡದಿದ್ದ ನಮಗೆ ಆ ನೆವವೂ ಇಲ್ಲ.

ಹೊಸ ಅಡಿಗೆಮನೆಯಲ್ಲಿ ಎದುರುಬದುರಾಗಿ ಎರಡು ಕಿಟಕಿಗಳಿರುವುವು. ಗಾಳಿ ಒಂದರಿಂದ ಬಂದು ಇನ್ನೊಂದರಿಂದ ಹೊರಡದಿದ್ದರೆ ಕಿಟಕಿ ಇದ್ದೂ ಪ್ರಯೋಜನವಿಲ್ಲ. ಕೊಟ್ಟಿಗೆ ಹೋಗುವುದು. ನೀರು ಕಾಯಿಸುವುದಕ್ಕೆ ಬಚ್ಚಲಿನ ಬಳಿ ಹೊಗೆಕೊಳವೆಯ ಒಲೆಯನ್ನು ಹಾಕಿಸುವೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ವಿಭಾಗದವರು ರೂಪಿಸಿದ ಒಲೆಯ ತತ್ತ್ವವೇ ಅದರದೂ: ಸೌದೆಯ ಕೆಳಗೆ ಕಬ್ಬಿಣದ ಸರಳುಗಳ ಜಾಲರಿ, ಅದರಡಿಯಿಂದ ಗಾಳಿ, ಪಾತ್ರೆಗೆ ಸರಿಯಾಗಿ ಕೂರುವ ಬಾಯಿ, ಉಳಿದ ಹೊಗೆಯನ್ನು ಮಾಡಿನಾಚೆಗೆ ಸೆಳೆಯುವ ಕೊಳವೆ. ಗ್ಯಾಸಿನ ಒಲೆಯ ಮೇಲೆ ಹಿಟ್ಟಿನ ಪಾತ್ರೆ ಜಾರದಂತೆ ಕಮ್ಮಾರರಿಂದ ಒಂದು ಕಬ್ಬಿಣದ ಬಳೆಯನ್ನೂ ಮಾಡಿಸಿದ್ದಾಗಿದೆ. ಒರಳುಕಲ್ಲನ್ನು ಏನು ಮಾಡುವುದೆಂಬುದು ಇನ್ನೂ ತೀರ್ಮಾನವಾಗಿಲ್ಲ. ಮಗನು ತೋಟಕ್ಕೆ ಸಾಗಿಸಿಬಿಡೋಣವೆನ್ನುತ್ತಾನೆ, ತಾಯಿ ಉತ್ತರ ಕೊಡುವುದಿಲ್ಲ.

ಕಳೆದ ಗುರುವಾರ ಮೇಸ್ತ್ರಿ ಬಂದು ಅಳತೆ ಮಾಡಿದನು. ಕಪ್ಪು ಕಲ್ಲಿನ ಕಟ್ಟೆಯ ಎತ್ತರಕ್ಕಾಗಿ ನಮ್ಮನ್ನು ಗೋಡೆಯ ಬಳಿ ನಿಲ್ಲಿಸಿ ಮೊಳದಂಡ ಹಿಡಿದನು. ಒಳಗಿನಿಂದ, "ಅಲ್ಲಿ ನಿಲ್ಲುವವಳು ನಾನು" ಎಂದು ಧ್ವನಿ ಬಂದಿತು. ನಮ್ಮ ಮನೆಯವರು ತಾವೇ ಬಂದು ಮೊಣಕೈ ಮಡಿಸಿ ನಿಂತರು. ಅದಕ್ಕಿಂತ ನಾಲ್ಕು ಬೆರಳು ಕೆಳಗೆ ಮೇಸ್ತ್ರಿ ಇದ್ದಿಲಿನಿಂದ ಗೆರೆ ಎಳೆದನು. ಮಸಿ ಹಿಡಿದ ಆ ಗೋಡೆಯ ಮೇಲೆ ಗೆರೆ ಕಾಣಿಸಲಿಲ್ಲ. ನಾವು ಹೋಗಿ ಹಳೆಯ ಪೆಟ್ಟಿಗೆಯಲ್ಲಿ ಉಳಿದಿದ್ದ ಸೀಮೆಸುಣ್ಣದ ತುಂಡೊಂದನ್ನು ತಂದುಕೊಟ್ಟೆವು.